ಫಿಲ್ ಲೈನಟ್

ಫಿಲಿಪ್ ಪ್ಯಾರಿಸ್ ಲೈನಟ್ (20 ಆಗಸ್ಟ್ 1949 – 4 ಜನವರಿ 1986) ಐರ್ಲೆಂಡಿನ ಗಾಯಕ, ಗೀತರಚನೆಕಾರ ಹಾಗೂ ಬಾಸ್ ಗಿಟಾರ್ ವಾದಕ. 1969ರ ಕೊನೆಯಲ್ಲಿ ಡಬ್ಲಿನ್ ನಗರದಲ್ಲಿ ರೂಪುಗೊಂಡ ಹಾರ್ಡ್ ರಾಕ್ ತಂಡ ಥಿನ್ ಲಿಜ್ಜಿಯ ಸ್ಥಾಪಕರಲ್ಲಿ ಒಬ್ಬರಾದ ಇವರು, 1983ರಲ್ಲಿ ಅದು ವಿಸರ್ಜನೆಗೊಳ್ಳುವವರೆಗೂ ಅದರ ನಾಯಕರಾಗಿದ್ದರು. ತಂಡದ ಬಹುತೇಕ ಹಾಡುಗಳು ಇವರ ರಚನೆಗಳೇ. 1973ರಲ್ಲಿ ಬ್ರಿಟನ್ನಿನ ಜನಪ್ರಿಯತಾ ಪಟ್ಟಿಯ 6ನೇ ಸ್ಥಾನಕ್ಕೇರಿದ ‘ವಿಸ್ಕಿ ಇನ್ ದಿ ಜಾರ್’ ಮತ್ತು 1976ರಲ್ಲಿ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಗೆದ್ದ ‘ದಿ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್’ ಎಂಬ ಎರಡು ಸಿಂಗಲ್‌ಗಳು ಇವರ ಹೆಸರನ್ನು ಐರ್ಲೆಂಡಿನ ಹೊರಗೂ ಪರಿಚಯಿಸಿದವು. ಅಂತರರಾಷ್ಟ್ರೀಯ ಖ್ಯಾತಿ ಪಡೆದ ಮೊದಲ ಕಪ್ಪುವರ್ಣೀಯ ಐರಿಷ್ ರಾಕ್ ಗಾಯಕರೆಂದು ಇವರನ್ನು ಗುರುತಿಸಲಾಗುತ್ತದೆ.

ಆರಂಭಿಕ ಜೀವನ

ಲೈನಟ್ ಹುಟ್ಟಿದ್ದು ಐರ್ಲೆಂಡಿನಲ್ಲಲ್ಲ, ಇಂಗ್ಲೆಂಡಿನ ವೆಸ್ಟ್ ಬ್ರಾಮ್ವಿಚ್ ಪಟ್ಟಣದ ಆಸ್ಪತ್ರೆಯಲ್ಲಿ. ತಾಯಿ ಫಿಲೋಮಿನಾ ಲೈನಟ್ ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಬಂದಿದ್ದ ಡಬ್ಲಿನ್‌ನ ತರುಣಿ. ತಂದೆ ಸೆಸಿಲ್ ಪ್ಯಾರಿಸ್ ಆಗ ಬ್ರಿಟಿಷ್ ವಸಾಹತಾಗಿದ್ದ ದಕ್ಷಿಣ ಅಮೆರಿಕದ ಗಯಾನಾದವರು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಅವಿವಾಹಿತ ತಾಯಿ, ಅದರಲ್ಲೂ ಕಪ್ಪು ಮೈಬಣ್ಣದ ಮಗುವಿನ ಬಿಳಿಯ ತಾಯಿ, 1949ರ ಬ್ರಿಟನ್ನಿನಲ್ಲಾಗಲೀ ಐರ್ಲೆಂಡಿನಲ್ಲಾಗಲೀ ತಲೆಯೆತ್ತಿ ಓಡಾಡುವ ಸ್ಥಿತಿ ಇರಲಿಲ್ಲ. ಹೆರಿಗೆಯ ನಂತರ ಫಿಲೋಮಿನಾ ಮಗುವಿನೊಡನೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವಿವಾಹಿತ ತಾಯಂದಿರಿಗೆಂದು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಯಧಾಮದಲ್ಲಿ ಕೆಲಕಾಲ ಇದ್ದರು. ಮಗುವನ್ನು ದತ್ತು ಕೊಡಬೇಕೆಂಬ ಒತ್ತಾಯ ಬಂದರೂ ಅವರು ಒಪ್ಪಲಿಲ್ಲ. ಮುಂದೆ ಮಗನ ಬಗ್ಗೆ ಬರೆದ ‘ಮೈ ಬಾಯ್’ ಎಂಬ ನೆನಪಿನ ಪುಸ್ತಕದಲ್ಲಿ ಅವರು ಈ ದಿನಗಳನ್ನು ದಾಖಲಿಸಿದ್ದಾರೆ.

ದುಡಿಮೆಯ ಜೊತೆಗೆ ಮಗುವನ್ನು ಸಾಕುವುದು ಕಷ್ಟವಾದಾಗ, 1950ರ ದಶಕದಲ್ಲಿ ಫಿಲಿಪ್‌ನನ್ನು ಡಬ್ಲಿನ್‌ನ ಅಜ್ಜ ಅಜ್ಜಿಯ ಮನೆಗೆ ಕಳುಹಿಸಲಾಯಿತು. ಅಜ್ಜ ಫ್ರಾಂಕ್, ಅಜ್ಜಿ ಸಾರಾ. ಮನೆ ಇದ್ದದ್ದು ಕಾರ್ಮಿಕ ಕುಟುಂಬಗಳು ವಾಸಿಸುತ್ತಿದ್ದ ಕ್ರಮ್ಲಿನ್ ಬಡಾವಣೆಯಲ್ಲಿ. ಕಪ್ಪುವರ್ಣೀಯರು ತೀರಾ ವಿರಳವಾಗಿದ್ದ ಆ ಊರಿನಲ್ಲಿ ಈ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಿದ್ದ. ಆದರೂ ಅಲ್ಲಿನ ಕ್ರಿಶ್ಚಿಯನ್ ಬ್ರದರ್ಸ್ ಶಾಲೆ, ಬೀದಿಯ ಗೆಳೆಯರು ಮತ್ತು ಅಲ್ಲಿನ ಮಾತಿನ ಧಾಟಿ ಅವರನ್ನು ಅಪ್ಪಟ ಡಬ್ಲಿನ್ನಿಗನನ್ನಾಗಿ ಬೆಳೆಸಿದವು. ತಾಯಿ ಮ್ಯಾಂಚೆಸ್ಟರ್‌ನಲ್ಲಿಯೇ ನೆಲೆಸಿದರು. ಮುಂದೆ ಅವರು ಆ ನಗರದಲ್ಲಿ ಕ್ಲಿಫ್ಟನ್ ಗ್ರೇಂಜ್ ಎಂಬ ವಸತಿಗೃಹವನ್ನು ನಡೆಸಿದರು. ಸಂಗೀತಗಾರರು, ನಾಟಕದವರು ಹಾಗೂ ಇರುಳು ಕಳೆದ ಮೇಲೆ ಮಲಗುವ ಅಭ್ಯಾಸದ ಇನ್ನೂ ಹಲವರು ಬಂದು ಇಳಿದುಕೊಳ್ಳುತ್ತಿದ್ದ ಆ ಮನೆಯ ಹೆಸರಿನಲ್ಲೇ ಥಿನ್ ಲಿಜ್ಜಿಯ ಮೊದಲ ಆಲ್ಬಮ್‌ನಲ್ಲಿ ಒಂದು ಹಾಡಿದೆ.

ಸಂಗೀತದ ಮೊದಲ ಪಾಠ ಸಿಕ್ಕಿದ್ದು ಸೋದರಮಾವ ತಿಮೊಥಿಯವರ ಧ್ವನಿತಟ್ಟೆಗಳ ಸಂಗ್ರಹದಿಂದ. ಅಮೆರಿಕದ ಸೋಲ್ ಸಂಗೀತವನ್ನೂ ಅಂದಿನ ಬ್ರಿಟಿಷ್ ಪಾಪ್ ಹಾಡುಗಳನ್ನೂ ಫಿಲಿಪ್ ಅಲ್ಲಿ ಕೇಳಿ ಕಲಿತರು.

ಡಬ್ಲಿನ್‌ನ ತಂಡಗಳು

1960ರ ದಶಕದ ಮಧ್ಯಭಾಗದಲ್ಲಿ ಲೈನಟ್ ಬ್ಲ್ಯಾಕ್ ಈಗಲ್ಸ್ ಎಂಬ ಸ್ಥಳೀಯ ತಂಡದ ಗಾಯಕರಾದರು. ಜನಪ್ರಿಯ ಹಾಡುಗಳನ್ನು ಸಭಾಂಗಣಗಳಲ್ಲಿ ಹಾಡುವ ಆ ತಂಡಕ್ಕೆ ಅವರದೇ ಶಾಲೆಯ ಬ್ರಯಾನ್ ಡೌನಿ ಡ್ರಮ್ ವಾದಕರಾಗಿ ಬಂದರು. ಮುಂದೆ ಥಿನ್ ಲಿಜ್ಜಿಯಲ್ಲಿ ಗಿಟಾರ್ ವಾದಕರು ಒಬ್ಬರ ಹಿಂದೊಬ್ಬರು ಬಂದು ಹೋದರೂ ಡೌನಿ ಮಾತ್ರ ಕೊನೆಯವರೆಗೂ ಉಳಿದರು.

ಅನಂತರ ಬಾಸ್ ವಾದಕ ಬ್ರಶ್ ಶೀಲ್ಸ್ ಅವರ ಸ್ಕಿಡ್ ರೋ ತಂಡದಲ್ಲಿ ಲೈನಟ್ ಹಾಡಿದರು. (ಇದೇ ಹೆಸರಿನ ಅಮೆರಿಕನ್ ತಂಡ ಬೇರೆ, ಅದು ಬಂದದ್ದು 1980ರ ದಶಕದಲ್ಲಿ.) ಬೆಲ್‌ಫಾಸ್ಟ್‌ನಿಂದ ಬಂದ ಹದಿಹರೆಯದ ಗಿಟಾರ್ ವಾದಕ ಗ್ಯಾರಿ ಮೂರ್ ಅವರ ಪರಿಚಯವಾದದ್ದು ಈ ತಂಡದಲ್ಲೇ. 1969ರಲ್ಲಿ ಲೈನಟ್ ಗಂಟಲಿನ ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ಒಳಗಾದರು. ಅದೇ ಅವಧಿಯಲ್ಲಿ ಅವರನ್ನು ತಂಡದಿಂದ ಕೈಬಿಡಲಾಯಿತು. ಕೈಬಿಟ್ಟ ಶೀಲ್ಸ್ ಅವರೇ ಲೈನಟ್‌ಗೆ ಒಂದು ಬಾಸ್ ಗಿಟಾರ್ ಮಾರಿ, ಅದನ್ನು ನುಡಿಸುವುದನ್ನೂ ಕಲಿಸಿಕೊಟ್ಟರು. ಅಲ್ಲಿಯವರೆಗೆ ಬರಿಯ ಗಾಯಕನಾಗಿದ್ದವರಿಗೆ ಇದರಿಂದ ಸ್ವಂತವಾಗಿ ಹಾಡು ಕಟ್ಟುವ ದಾರಿ ತೆರೆಯಿತು. ಡೌನಿಯವರ ಜೊತೆಗೂಡಿ ಅವರು ಆರ್ಫನೇಜ್ ಎಂಬ ತಂಡವನ್ನು ಕಟ್ಟಿದರು.

ಥಿನ್ ಲಿಜ್ಜಿ

1969ರ ಡಿಸೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ಗಿಟಾರ್ ವಾದಕ ಎರಿಕ್ ಬೆಲ್ ಮತ್ತು ಕೀಬೋರ್ಡ್ ವಾದಕ ಎರಿಕ್ ರಿಕ್ಸನ್ ಅವರು ಲೈನಟ್ ಮತ್ತು ಡೌನಿಯವರ ಜೊತೆ ಸೇರಿ ಹೊಸ ತಂಡ ಸ್ಥಾಪಿಸಿದರು. ತಂಡದ ಹೆಸರಿಗೆ ಆಧಾರ ‘ದಿ ಡ್ಯಾಂಡಿ’ ಎಂಬ ಮಕ್ಕಳ ಚಿತ್ರಕಥಾ ಪತ್ರಿಕೆಯ ಟಿನ್ ಲಿಜ್ಜಿ ಎಂಬ ಯಂತ್ರಮಾನವಿ. ಡಬ್ಲಿನ್ನಿನ ಜನ ‘ಥ’ಕಾರವನ್ನು ‘ಟ’ಕಾರದಂತೆ ಉಚ್ಚರಿಸುವುದರಿಂದ, ಥಿನ್ ಎಂದು ಬರೆದರೂ ಅವರು ಹೇಳುವುದು ಟಿನ್ ಎಂದೇ. ಈ ಸ್ಥಳೀಯ ತಮಾಷೆಯೇ ಹೆಸರಾಗಿ ನಿಂತಿತು. ರಿಕ್ಸನ್ ಬೇಗನೆ ತಂಡ ಬಿಟ್ಟರು, ಮೂವರೇ ಉಳಿದರು.

1970ರ ಕೊನೆಯಲ್ಲಿ ಲಂಡನ್‌ನ ಡೆಕ್ಕಾ ಧ್ವನಿಮುದ್ರಣ ಸಂಸ್ಥೆಯೊಡನೆ ಒಪ್ಪಂದವಾಯಿತು. ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಮ್ 1971ರಲ್ಲಿ, ‘ಶೇಡ್ಸ್ ಆಫ್ ಎ ಬ್ಲೂ ಆರ್ಫನೇಜ್’ 1972ರಲ್ಲಿ ಬಂದವು. ಎರಡೂ ಮಾರಾಟವಾಗಲಿಲ್ಲ. ಎರಡನೆಯ ಆಲ್ಬಮ್‌ನಲ್ಲಿ ತಮ್ಮನ್ನು ಸಾಕಿದ ಅಜ್ಜಿಗಾಗಿ ಬರೆದ ‘ಸಾರಾ’ ಎಂಬ ಹಾಡಿದೆ. 1979ರಲ್ಲಿ ಮಗಳಿಗಾಗಿ ಬರೆದ ಅದೇ ಹೆಸರಿನ ಇನ್ನೊಂದು ಹಾಡೇ ಹೆಚ್ಚು ಪ್ರಸಿದ್ಧವಾದ್ದರಿಂದ ಇವೆರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ.

ವಿಸ್ಕಿ ಇನ್ ದಿ ಜಾರ್

ಅಂದಿನ ಸಂಗೀತ ವ್ಯಾಪಾರದಲ್ಲಿ ಸಿಂಗಲ್ ಎಂದರೆ ಪ್ರತಿ ಬದಿಗೆ ಒಂದೊಂದು ಹಾಡಿರುವ ಏಳು ಅಂಗುಲದ ಚಿಕ್ಕ ಧ್ವನಿತಟ್ಟೆ. ಮೊದಲ ಬದಿಯ ಹಾಡನ್ನು ಆಕಾಶವಾಣಿ ಕೇಂದ್ರಗಳಿಗೆ ಕಳುಹಿಸಲಾಗುತ್ತಿತ್ತು. ಎರಡನೆಯ ಬದಿಯಲ್ಲಿ ಸಾಮಾನ್ಯವಾಗಿ ಮಿಕ್ಕದ್ದನ್ನು ತುಂಬಲಾಗುತ್ತಿತ್ತು. ಬ್ರಿಟನ್ನಿನ ಪಟ್ಟಿಯನ್ನು ಆಯ್ದ ಅಂಗಡಿಗಳ ವಾರದ ಮಾರಾಟದ ಲೆಕ್ಕದಿಂದ ಸಿದ್ಧಪಡಿಸುತ್ತಿದ್ದರು. ಆ ಪಟ್ಟಿಯಲ್ಲಿ ಮೇಲೇರಿದ ಹಾಡಿಗೆ ಬಿಬಿಸಿ ದೂರದರ್ಶನದ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮದಲ್ಲಿ ಅವಕಾಶ ಸಿಗುತ್ತಿತ್ತು. ಅಲ್ಲಿ ಒಮ್ಮೆ ಕಾಣಿಸಿಕೊಂಡರೆ ತಂಡದ ಭವಿಷ್ಯವೇ ಬದಲಾಗುವುದಿತ್ತು.

1972ರಲ್ಲಿ ಡೆಕ್ಕಾ ಸಂಸ್ಥೆಗಾಗಿ ತಂಡ ಸಿದ್ಧಪಡಿಸಿದ್ದ ಮುಖ್ಯ ಹಾಡು ಲೈನಟ್ ಬರೆದ ‘ಬ್ಲ್ಯಾಕ್ ಬಾಯ್ಸ್ ಆನ್ ದಿ ಕಾರ್ನರ್’. ಎರಡನೆಯ ಬದಿಗೆ ಏನಾದರೂ ಬೇಕಿತ್ತು. ಲಂಡನ್‌ನ ಒಂದು ಪಬ್ಬಿನಲ್ಲಿ ಅಭ್ಯಾಸ ನಡೆಯುತ್ತಿದ್ದಾಗ ಬೇಸರ ಕಳೆಯಲು ಲೈನಟ್ ಗಿಟಾರ್ ಹಿಡಿದು ಐರ್ಲೆಂಡಿನ ಹಳೆಯ ಜಾನಪದ ಹಾಡುಗಳನ್ನು ಹಾಡತೊಡಗಿದರು. ಆಗ ಒಳಬಂದ ವ್ಯವಸ್ಥಾಪಕ ಟೆಡ್ ಕ್ಯಾರೊಲ್ ಅವುಗಳಲ್ಲಿ ‘ವಿಸ್ಕಿ ಇನ್ ದಿ ಜಾರ್’ ಚೆನ್ನಾಗಿದೆಯೆಂದು ಗುರುತಿಸಿದರು. ಕಾರ್ಕ್ ಮತ್ತು ಕೆರಿ ಬೆಟ್ಟಸೀಮೆಯಲ್ಲಿ ಸೇನಾಧಿಕಾರಿಯೊಬ್ಬನನ್ನು ದೋಚುವ ದಾರಿಗಳ್ಳ, ನಂಬಿದ ಹೆಣ್ಣಿನಿಂದಲೇ ಮೋಸಹೋಗಿ ಸಿಕ್ಕಿಬೀಳುವ ಕಥೆ ಅದರದು. ದಿ ಡಬ್ಲಿನರ್ಸ್ ಮುಂತಾದ ಜಾನಪದ ತಂಡಗಳ ಮೂಲಕ ಐರ್ಲೆಂಡಿನ ಪ್ರತಿ ಮನೆಗೂ ಅದು ಗೊತ್ತಿದ್ದ ಹಾಡು. ಒಂದು ರಾಕ್ ತಂಡ ಹಾಡುವಂಥದ್ದೆಂದು ಯಾರೂ ಭಾವಿಸಿರಲಿಲ್ಲ, ತಂಡದವರಂತೂ ಇಲ್ಲವೇ ಇಲ್ಲ.

ಥಿನ್ ಲಿಜ್ಜಿಯ ಮುದ್ರಣದಲ್ಲಿ ಗೆದ್ದದ್ದು ಎರಡು ಸಂಗತಿಗಳು. ಮೊದಲನೆಯದು ಎರಿಕ್ ಬೆಲ್ ಕಟ್ಟಿದ ಗಿಟಾರ್ ಭಾಗ. ಹಾಡಿನ ಆರಂಭಕ್ಕೆ ತಕ್ಕ ಸ್ವರಗುಚ್ಛ ಹೊಳೆಯಲು ಅವರಿಗೆ ವಾರಗಳೇ ಹಿಡಿದವು. ಐರಿಷ್ ಪೈಪ್ ವಾದ್ಯದ ನಾದವನ್ನು ಮನಸ್ಸಿನಲ್ಲಿಟ್ಟುಕೊಂಡಾಗ ಅದು ಒದಗಿತು. ಎರಡನೆಯದು ಲೈನಟ್ ಅವರ ಕಂಠ. ಜಾನಪದ ಗಾಯಕರು ಕುಡಿತದ ಗೋಷ್ಠಿಯ ಹುರುಪಿನಿಂದ ಹಾಡುತ್ತಿದ್ದುದನ್ನು ಅವರು ನಿಧಾನಿಸಿ, ಸೆರೆಯಾದವನ ಅಳಲಿನಂತೆ ಹಾಡಿದರು. ಮೂಲದ ಹುಡುಗಾಟಿಕೆ ಕಡಿಮೆಯಾಗಿ ವಿಷಾದ ಮುಂದೆ ಬಂದಿತು. ಹಾಡು ಐದು ನಿಮಿಷಕ್ಕೂ ದೀರ್ಘವಾಗಿದ್ದರಿಂದ ಸಿಂಗಲ್‌ಗಾಗಿ ಅದನ್ನು ಮೊಟಕುಗೊಳಿಸಲಾಯಿತು. ಸಂಸ್ಥೆಯವರು ಕೊನೆಗೆ ಬದಿಗಳನ್ನೇ ಅದಲುಬದಲು ಮಾಡಿದರು. 1972ರ ನವೆಂಬರ್‌ನಲ್ಲಿ ಸಿಂಗಲ್ ಹೊರಬಂದಾಗ ‘ವಿಸ್ಕಿ ಇನ್ ದಿ ಜಾರ್’ ಮೊದಲ ಬದಿಯಲ್ಲಿತ್ತು.

ಬಿಡುಗಡೆಯಾದಾಗ ತಂಡವು ಸ್ಲೇಡ್ ಎಂಬ ಪ್ರಸಿದ್ಧ ತಂಡದ ಬ್ರಿಟನ್ ಪ್ರವಾಸದಲ್ಲಿ ಆರಂಭಿಕ ಕಾರ್ಯಕ್ರಮ ನೀಡುತ್ತಿತ್ತು. ಸಿಂಗಲ್ ಮೊದಲು ಐರ್ಲೆಂಡಿನಲ್ಲಿ ಒಂದನೇ ಸ್ಥಾನ ತಲುಪಿತು. ಬ್ರಿಟನ್ನಿನಲ್ಲಿ ನಿಧಾನವಾಗಿ ಏರಿ 1973ರ ಫೆಬ್ರವರಿಯಲ್ಲಿ 6ನೇ ಸ್ಥಾನ ಮುಟ್ಟಿತು. ‘ಟಾಪ್ ಆಫ್ ದಿ ಪಾಪ್ಸ್’ ವೇದಿಕೆಯ ಮೇಲೆ ಲೈನಟ್ ಕಾಣಿಸಿಕೊಂಡರು.

ಈ ಯಶಸ್ಸು ತಂಡಕ್ಕೆ ಸಂತೋಷಕ್ಕಿಂತ ಇಕ್ಕಟ್ಟನ್ನೇ ಹೆಚ್ಚು ತಂದಿತು. ತಾವು ಬರೆದ ಹಾಡು ಹಿಂಬದಿಗೆ ಸರಿದು, ತಮ್ಮದಲ್ಲದ ಹಾಡು ತಮ್ಮ ಗುರುತಾಗಿತ್ತು. ಸಭಿಕರು ಅದನ್ನೇ ಕೇಳುತ್ತಿದ್ದರು. ಅಂಥದ್ದೇ ಇನ್ನೊಂದು ಹಾಡಿನ ನಿರೀಕ್ಷೆ ಹೆಚ್ಚಿತು. ಐರ್ಲೆಂಡಿನ ಜಾನಪದ ಅಭಿಮಾನಿಗಳಲ್ಲಿ ಕೆಲವರಿಗೆ ರಾಕ್ ರೂಪ ಹಿಡಿಸಲಿಲ್ಲ, ರಾಕ್ ಅಭಿಮಾನಿಗಳಿಗೆ ಜಾನಪದ ಹಿಡಿಸಲಿಲ್ಲ. ಮುಂದಿನ ಸಿಂಗಲ್ ‘ರ‍್ಯಾಂಡಾಲ್ಫ್ಸ್ ಟ್ಯಾಂಗೊ’ ಮತ್ತು ಅದೇ ವರ್ಷದ ‘ದಿ ರಾಕರ್’ ಬ್ರಿಟನ್ನಿನ ಪಟ್ಟಿಯನ್ನೇ ಪ್ರವೇಶಿಸಲಿಲ್ಲ. 1973ರ ‘ವ್ಯಾಗಬಾಂಡ್ಸ್ ಆಫ್ ದಿ ವೆಸ್ಟರ್ನ್ ವರ್ಲ್ಡ್’ ಆಲ್ಬಮ್‌ನಲ್ಲಿ ‘ವಿಸ್ಕಿ ಇನ್ ದಿ ಜಾರ್’ ಇರಲೂ ಇಲ್ಲ. ಆ ವರ್ಷದ ಕೊನೆಯ ದಿನ ಬೆಲ್‌ಫಾಸ್ಟ್‌ನಲ್ಲಿ ನಡೆದ ಕಾರ್ಯಕ್ರಮದ ನಡುವೆಯೇ, ದಣಿದು ಅಸ್ವಸ್ಥರಾಗಿದ್ದ ಎರಿಕ್ ಬೆಲ್ ವೇದಿಕೆಯಿಂದ ಹೊರನಡೆದು ತಂಡವನ್ನು ತೊರೆದರು.

ಎರಡು ಗಿಟಾರ್‌ಗಳ ಶೈಲಿ

ಗ್ಯಾರಿ ಮೂರ್ ಕೆಲವು ತಿಂಗಳು ಬೆಲ್ ಅವರ ಸ್ಥಾನ ತುಂಬಿದರು. ಒಬ್ಬರು ಹೋದರೆ ತಂಡವೇ ನಿಲ್ಲುವ ಸ್ಥಿತಿ ಮತ್ತೆ ಬರಬಾರದೆಂದು ಲೈನಟ್ ಇಬ್ಬರು ಗಿಟಾರ್ ವಾದಕರನ್ನು ಇಟ್ಟುಕೊಳ್ಳಲು ನಿರ್ಧರಿಸಿದರು. 1974ರಲ್ಲಿ ಹದಿನೆಂಟರ ಹರೆಯದ ಸ್ಕಾಟ್ಲೆಂಡಿನ ಬ್ರಯಾನ್ ರಾಬರ್ಟ್‌ಸನ್ ಹಾಗೂ ಕ್ಯಾಲಿಫೋರ್ನಿಯಾದ ಸ್ಕಾಟ್ ಗೋರ್ಹಮ್ ಸೇರಿದರು. ಎಚ್ಚರಿಕೆಗಾಗಿ ಮಾಡಿದ ಈ ಏರ್ಪಾಡಿನಿಂದ ತಂಡಕ್ಕೆ ತನ್ನದೇ ನಾದ ದೊರೆಯಿತು. ಇಬ್ಬರೂ ಒಂದೇ ಸ್ವರಪಂಕ್ತಿಯನ್ನು ಒಟ್ಟಿಗೆ, ಆದರೆ ಕೆಲವು ಸ್ವರಗಳ ಅಂತರದಲ್ಲಿ ನುಡಿಸುತ್ತಿದ್ದರು; ಎರಡು ಕಂಠಗಳು ಜೊತೆಯಾಗಿ ಹಾಡಿದಂತೆ ಅದು ಕೇಳುತ್ತಿತ್ತು. ವಿಶ್‌ಬೋನ್ ಆಶ್ ಮುಂತಾದ ತಂಡಗಳು ಇದನ್ನು ಮೊದಲೇ ಬಳಸಿದ್ದವು. ಅದನ್ನು ಚಿಕ್ಕ, ನೆನಪಿನಲ್ಲಿ ಉಳಿಯುವ ಹಾಡುಗಳಿಗೆ ಅಳವಡಿಸಿದ್ದು ಥಿನ್ ಲಿಜ್ಜಿಯ ಸಾಧನೆ. ಐರನ್ ಮೇಡನ್‌ನಂಥ ಮುಂದಿನ ತಲೆಮಾರಿನ ಹೆವಿ ಮೆಟಲ್ ತಂಡಗಳ ಮೇಲೆ ಇದರ ಪ್ರಭಾವ ಸ್ಪಷ್ಟ.

ಡೆಕ್ಕಾ ಬಿಟ್ಟು ವರ್ಟಿಗೊ ಸಂಸ್ಥೆಗೆ ಬಂದ ಮೇಲೆ ಹೊರಬಂದ ‘ನೈಟ್‌ಲೈಫ್’ (1974) ಮತ್ತು ‘ಫೈಟಿಂಗ್’ (1975) ಆಲ್ಬಮ್‌ಗಳು ದೊಡ್ಡ ಯಶಸ್ಸು ಗಳಿಸಲಿಲ್ಲ. ‘ಫೈಟಿಂಗ್’ ಬ್ರಿಟನ್ನಿನಲ್ಲಿ 60ನೇ ಸ್ಥಾನಕ್ಕೇ ನಿಂತಿತು. ಐದು ಆಲ್ಬಮ್, ಒಂದೇ ಒಂದು ಜನಪ್ರಿಯ ಸಿಂಗಲ್: 1975ರ ಕೊನೆಯಲ್ಲಿ ಲೈನಟ್ ಅವರ ಬಳಿ ಇದ್ದದ್ದು ಇಷ್ಟೇ. ಆರನೆಯ ಆಲ್ಬಮ್ ಗೆಲ್ಲಲೇಬೇಕಿತ್ತು.

ದಿ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್

ಆರನೆಯ ಆಲ್ಬಮ್ ‘ಜೈಲ್‌ಬ್ರೇಕ್’. ಅದನ್ನು ನಿರ್ಮಾಪಕ ಜಾನ್ ಆಲ್ಕಾಕ್ ಅವರೊಡನೆ ಲಂಡನ್‌ನ ಬ್ಯಾಟರ್‌ಸಿಯಲ್ಲಿದ್ದ, ದಿ ಹೂ ತಂಡದ ಒಡೆತನದ ರ‍್ಯಾಮ್‌ಪೋರ್ಟ್ ಸ್ಟುಡಿಯೊದಲ್ಲಿ ಮುದ್ರಿಸಿಕೊಳ್ಳಲಾಯಿತು. ಆಲ್ಬಮ್ 1976ರ ಮಾರ್ಚ್ 26ರಂದು ಬಿಡುಗಡೆಯಾಯಿತು. ಅದರೊಳಗಿನ ‘ದಿ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್’ ಬಗ್ಗೆ ತಂಡಕ್ಕೆ ವಿಶೇಷ ನಿರೀಕ್ಷೆ ಇರಲಿಲ್ಲ. ಸಿಂಗಲ್ ಆಗಿ ಬಿಡುಗಡೆ ಮಾಡಬೇಕೆಂದು ಒತ್ತಾಯಿಸಿದ್ದು ತಂಡದ ವ್ಯವಸ್ಥಾಪಕರು.

ಊರು ಬಿಟ್ಟು ಹೋಗಿದ್ದ ಗೆಳೆಯರ ಗುಂಪೊಂದು ಮತ್ತೆ ಊರಿಗೆ ಬಂದಿದೆ ಎಂಬ ಸುದ್ದಿಯನ್ನು ಊರಲ್ಲೇ ಉಳಿದವನೊಬ್ಬ ಹೇಳುವುದು ಹಾಡಿನ ವಸ್ತು. ಹಳೆಯ ಜಗಳ, ಕುಣಿತ, ಕುಡಿತ, ವಾರಾಂತ್ಯದ ಕಾತರ ಎಲ್ಲವೂ ಅದರಲ್ಲಿವೆ. ಆ ಹುಡುಗರು ಯಾರೆಂಬುದರ ಬಗ್ಗೆ ಹಲವು ವಿವರಣೆಗಳಿವೆ. ತಾಯಿಯ ವಸತಿಗೃಹಕ್ಕೆ ಬಂದು ಹೋಗುತ್ತಿದ್ದ ಮ್ಯಾಂಚೆಸ್ಟರ್‌ನ ಪುಂಡರ ಗುಂಪೇ ಸ್ಫೂರ್ತಿ ಎಂದು ಕೆಲವರು, ಆರಂಭದ ಕರಡಿನಲ್ಲಿ ಅದು ಯುದ್ಧದಿಂದ ಮರಳುವ ಅಮೆರಿಕನ್ ಸೈನಿಕನ ಹಾಡಾಗಿತ್ತೆಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ನಿಜವಿರಬಹುದು, ಲೈನಟ್ ಹಾಡುಗಳನ್ನು ಹಲವು ಸಲ ತಿದ್ದಿ ಬರೆಯುತ್ತಿದ್ದರು. ಹಾಡಿನ ಮಾತುಗಳು ಪದ್ಯಕ್ಕಿಂತ ಹರಟೆಗೆ ಹತ್ತಿರ. ಸಾಲುಗಳು ತಾಳಕ್ಕೆ ಸ್ವಲ್ಪ ಮುಂಚೆ ಇಲ್ಲವೇ ಸ್ವಲ್ಪ ತಡವಾಗಿ ಬಂದು ಬೀಳುತ್ತವೆ. ಹೀಗೆ ಮಾತು ಮತ್ತು ಹಾಡಿನ ನಡುವೆ ಸಾಗುವ ಗಾಯನವೇ ಲೈನಟ್ ಅವರ ಮುಖ್ಯ ಕೊಡುಗೆ ಎಂಬುದು ಹಲವು ವಿಮರ್ಶಕರ ಅಭಿಪ್ರಾಯ. ಪಲ್ಲವಿಯ ನಂತರ ಎರಡು ಗಿಟಾರ್‌ಗಳು ಜೊತೆಯಾಗಿ ನುಡಿಯುವ ಸ್ವರಪಂಕ್ತಿಯನ್ನು ಹಾಡಿನ ಮಾತು ಗೊತ್ತಿಲ್ಲದವರೂ ಗುನುಗಬಲ್ಲರು.

ಹಾಡಿನ ಗೆಲುವು ಆರಂಭವಾದದ್ದು ಅಮೆರಿಕದಲ್ಲಿ. ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ರೇಡಿಯೊ ನಿರೂಪಕರು ಆಲ್ಬಮ್‌ನಿಂದ ಈ ಹಾಡನ್ನು ಮತ್ತೆ ಮತ್ತೆ ಪ್ರಸಾರ ಮಾಡಿದರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮಾರಾಟದ ಜೊತೆಗೆ ರೇಡಿಯೊ ಪ್ರಸಾರವನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಇಂಥ ಬೆಂಬಲಕ್ಕೆ ಅಲ್ಲಿ ಹೆಚ್ಚಿನ ಬೆಲೆ. ಬೇಡಿಕೆ ಇತರ ನಗರಗಳಿಗೂ ಹಬ್ಬಿ ಸಿಂಗಲ್ 12ನೇ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ 8ನೇ ಸ್ಥಾನ, ಐರ್ಲೆಂಡಿನಲ್ಲಿ ಒಂದನೇ ಸ್ಥಾನ ದೊರೆಯಿತು. ‘ಜೈಲ್‌ಬ್ರೇಕ್’ ಆಲ್ಬಮ್ ಬ್ರಿಟನ್ನಿನಲ್ಲಿ 10ನೇ, ಅಮೆರಿಕದಲ್ಲಿ 18ನೇ ಸ್ಥಾನ ಪಡೆಯಿತು. ಇದರ ಹೊದಿಕೆಯ ಚಿತ್ರ ಬರೆದವರು ಡಬ್ಲಿನ್‌ನ ಕಲಾವಿದ ಜಿಮ್ ಫಿಟ್ಜ್‌ಪ್ಯಾಟ್ರಿಕ್. ಚೆ ಗುವಾರನ ಪ್ರಸಿದ್ಧ ಕೆಂಪು-ಕಪ್ಪು ಭಿತ್ತಿಚಿತ್ರ ಇವರದೇ ಕೈಚಳಕ.

ಆದರೆ ಈ ಗೆಲುವಿನ ಫಲ ಉಣ್ಣಲು ಲೈನಟ್‌ಗೆ ಆಗಲಿಲ್ಲ. 1976ರ ಜೂನ್‌ನಲ್ಲಿ, ಹಾಡು ಅಮೆರಿಕದ ಪಟ್ಟಿಯಲ್ಲಿ ಏರುತ್ತಿದ್ದಾಗಲೇ, ತಂಡ ರೇನ್‌ಬೋ ತಂಡದೊಡನೆ ಅಲ್ಲಿ ಪ್ರವಾಸದಲ್ಲಿತ್ತು. ಓಹಾಯೊ ರಾಜ್ಯದಲ್ಲಿ ಲೈನಟ್ ಯಕೃತ್ತಿನ ಸೋಂಕಾದ ಹೆಪಟೈಟಿಸ್‌ನಿಂದ ಹಾಸಿಗೆ ಹಿಡಿದರು. ಪ್ರವಾಸ ರದ್ದಾಯಿತು. ಇಂಗ್ಲೆಂಡಿನ ಆಸ್ಪತ್ರೆಯ ಹಾಸಿಗೆಯ ಮೇಲೆ ಅವರು ಮುಂದಿನ ಆಲ್ಬಮ್ ‘ಜಾನಿ ದಿ ಫಾಕ್ಸ್’ಗೆ ಹಾಡು ಬರೆದರು. ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೆ ಅಮೆರಿಕಕ್ಕೆ ಹೊರಡುವ ಮುನ್ನ ಲಂಡನ್‌ನ ಕ್ಲಬ್ಬೊಂದರ ಜಗಳದಲ್ಲಿ ರಾಬರ್ಟ್‌ಸನ್ ಅವರ ಕೈಗೆ ತೀವ್ರ ಗಾಯವಾಗಿ ಆ ಪ್ರವಾಸವೂ ನಿಂತಿತು. ದೇಶದ ಉದ್ದಗಲ ಸುತ್ತಿ ಹಾಡದ ತಂಡವನ್ನು ಅಮೆರಿಕದ ಮಾರುಕಟ್ಟೆ ಬೇಗ ಮರೆಯುತ್ತದೆ. 1977ರ ಆರಂಭದಲ್ಲಿ ಕ್ವೀನ್ ತಂಡದೊಡನೆ ಅಲ್ಲಿಗೆ ಹೋಗುವ ಹೊತ್ತಿಗೆ ಆ ಮೊದಲ ಬಿಸಿ ಆರಿತ್ತು. ಅಮೆರಿಕದ ಮೊದಲ ನಲವತ್ತರ ಪಟ್ಟಿಯನ್ನು ಥಿನ್ ಲಿಜ್ಜಿಯ ಬೇರೆ ಯಾವ ಸಿಂಗಲ್ಲೂ ಮುಟ್ಟಲಿಲ್ಲ.

ಉತ್ತುಂಗದ ವರ್ಷಗಳು

ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಮಾತ್ರ ತಂಡದ ಏಳಿಗೆ ಮುಂದುವರಿಯಿತು. ‘ಡೋಂಟ್ ಬಿಲೀವ್ ಎ ವರ್ಡ್’ 12ನೇ, ‘ಡ್ಯಾನ್ಸಿಂಗ್ ಇನ್ ದಿ ಮೂನ್‌ಲೈಟ್’ 14ನೇ ಸ್ಥಾನ ಪಡೆದವು. ಟೋನಿ ವಿಸ್ಕಾಂಟಿ ನಿರ್ಮಿಸಿದ ‘ಬ್ಯಾಡ್ ರೆಪ್ಯುಟೇಶನ್’ (1977) ಆಲ್ಬಮ್ 4ನೇ ಸ್ಥಾನಕ್ಕೇರಿತು. 1978ರ ‘ಲೈವ್ ಅಂಡ್ ಡೇಂಜರಸ್’ ನೇರ ಕಾರ್ಯಕ್ರಮಗಳ ಮುದ್ರಣ. ಅದು 2ನೇ ಸ್ಥಾನ ತಲುಪಿತು. ಅದರ ಎಷ್ಟು ಭಾಗವನ್ನು ಅನಂತರ ಸ್ಟುಡಿಯೊದಲ್ಲಿ ಮತ್ತೆ ನುಡಿಸಲಾಯಿತು ಎಂಬ ಬಗ್ಗೆ ವಿಸ್ಕಾಂಟಿ ಮತ್ತು ತಂಡದವರ ಹೇಳಿಕೆಗಳು ತಾಳೆಯಾಗುವುದಿಲ್ಲ. ಏನೇ ಇರಲಿ, ರಾಕ್ ಸಂಗೀತದ ಶ್ರೇಷ್ಠ ನೇರ ಆಲ್ಬಮ್‌ಗಳ ಯಾವ ಪಟ್ಟಿಯಲ್ಲೂ ಅದು ತಪ್ಪುವುದು ಅಪರೂಪ.

ರಾಬರ್ಟ್‌ಸನ್ ಹೋಗಿ ಗ್ಯಾರಿ ಮೂರ್ ಮರಳಿದ ಮೇಲೆ ಬಂದ ‘ಬ್ಲ್ಯಾಕ್ ರೋಸ್’ (1979) ಕೂಡ 2ನೇ ಸ್ಥಾನ ಗಳಿಸಿತು. ‘ವೇಟಿಂಗ್ ಫಾರ್ ಆನ್ ಆಲಿಬೈ’ ಸಿಂಗಲ್ 9ನೇ ಸ್ಥಾನಕ್ಕೇರಿತು. ಅದೇ ವರ್ಷ ಮೂರ್ ಅವರ ‘ಪ್ಯಾರಿಸಿಯೆನ್ ವಾಕ್‌ವೇಸ್’ ಹಾಡಿಗೆ ಲೈನಟ್ ಕಂಠ ನೀಡಿದರು. ಅದು 8ನೇ ಸ್ಥಾನ ಪಡೆಯಿತು. ಅಮೆರಿಕ ಪ್ರವಾಸದ ನಡುವೆಯೇ ಮೂರ್ ತಂಡ ತೊರೆದರು. 1980ರ ‘ಕಿಲ್ಲರ್ ಆನ್ ದಿ ಲೂಸ್’ 10ನೇ ಸ್ಥಾನ ಗಳಿಸಿದರೂ, ಉತ್ತರ ಇಂಗ್ಲೆಂಡಿನಲ್ಲಿ ಸರಣಿ ಕೊಲೆಗಾರನೊಬ್ಬ ಇನ್ನೂ ಸಿಕ್ಕಿಬೀಳದಿದ್ದ ಸಮಯದಲ್ಲಿ ಬಂದ ಆ ಹಾಡು ಟೀಕೆಗೆ ಗುರಿಯಾಯಿತು. ಆ ಟೀಕೆಯನ್ನು ಅನ್ಯಾಯವೆನ್ನಲಾಗದು. 1981ರ ಆಗಸ್ಟ್‌ನಲ್ಲಿ ಐರ್ಲೆಂಡಿನ ಸ್ಲೇನ್ ಕೋಟೆಯ ಬಯಲಿನಲ್ಲಿ ನಡೆದ ಮೊದಲ ಬೃಹತ್ ರಾಕ್ ಕಾರ್ಯಕ್ರಮದಲ್ಲಿ ಥಿನ್ ಲಿಜ್ಜಿ ಪ್ರಧಾನ ತಂಡವಾಗಿತ್ತು. ಅಂದು ಅವರಿಗೂ ಮುನ್ನ ಹಾಡಿದ ತಂಡಗಳಲ್ಲಿ ಯು2 ಒಂದು.

ಬರಹ ಮತ್ತು ಗುರುತು

ತಾನು ಕಪ್ಪುವರ್ಣೀಯ, ತಾನು ಐರಿಷ್: ಈ ಎರಡನ್ನೂ ಲೈನಟ್ ಬಿಟ್ಟುಕೊಡಲಿಲ್ಲ. ‘ಹಾಫ್ ಕ್ಯಾಸ್ಟ್’, ‘ಓಡ್ ಟು ಎ ಬ್ಲ್ಯಾಕ್ ಮ್ಯಾನ್’ ಹಾಡುಗಳಲ್ಲಿ ಮೊದಲನೆಯದು, ‘ಐರೆ’, ‘ಎಮರಾಲ್ಡ್’ ಮತ್ತು ‘ಬ್ಲ್ಯಾಕ್ ರೋಸ್’ ಹಾಡುಗಳಲ್ಲಿ ಎರಡನೆಯದು ನೇರವಾಗಿ ಬರುತ್ತವೆ. ಐರ್ಲೆಂಡಿನ ಕಾವ್ಯದಲ್ಲಿ ಕಪ್ಪು ಗುಲಾಬಿ ಎಂಬುದು ನಾಡಿನದೇ ಹಳೆಯ ರೂಪಕ. ಅದನ್ನು ಆಲ್ಬಮ್‌ಗೆ ಹೆಸರಾಗಿಸಿ, ಶೀರ್ಷಿಕೆಗೀತೆಯೊಳಗೆ ಜಾನಪದ ಮಟ್ಟುಗಳನ್ನು ಹೆಣೆದ ಲೈನಟ್ ತಮ್ಮ ಎರಡು ಗುರುತುಗಳನ್ನೂ ಒಂದೇ ಮಾತಿನಲ್ಲಿ ಕೂಡಿಸಿದಂತಾಯಿತು. ಇಷ್ಟಾದರೂ ಅವರ ಹಾಡುಗಳ ನಾಯಕ ಸಾಮಾನ್ಯವಾಗಿ ಜಾನಿ ಎಂಬ ಹೆಸರಿನ, ಓಡಿಹೋಗುತ್ತಿರುವ, ಅಪಾಯಕ್ಕೆ ಎದೆಗೊಡುವ ತರುಣ. ‘ವಿಸ್ಕಿ ಇನ್ ದಿ ಜಾರ್’ ಹಾಡಿನ ದಾರಿಗಳ್ಳನಿಗೂ ಇವನಿಗೂ ದೂರದ ನೆಂಟಸ್ತಿಕೆ ಇದೆ ಎನ್ನಬಹುದು.

ಲೈನಟ್ ತಮ್ಮ ಗೀತೆಗಳನ್ನು ಕವಿತೆಗಳೆಂದೇ ಪರಿಗಣಿಸಿ ‘ಸಾಂಗ್ಸ್ ಫಾರ್ ವೈಲ್ ಐ ಆಮ್ ಅವೇ’ (1974) ಮತ್ತು ‘ಫಿಲಿಪ್’ (1977) ಎಂಬ ಎರಡು ಸಂಕಲನಗಳನ್ನು ಪ್ರಕಟಿಸಿದರು. ‘ಸೋಲೊ ಇನ್ ಸೋಹೊ’ (1980) ಮತ್ತು ‘ದಿ ಫಿಲಿಪ್ ಲೈನಟ್ ಆಲ್ಬಮ್’ (1982) ಅವರ ಸ್ವತಂತ್ರ ಆಲ್ಬಮ್‌ಗಳು. ಮಿಜ್ ಯೂರ್ ಜೊತೆ ಬರೆದ ‘ಯೆಲ್ಲೊ ಪರ್ಲ್’ 1981ರಿಂದ ಕೆಲವು ವರ್ಷ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮದ ಶೀರ್ಷಿಕೆ ಸಂಗೀತವಾಗಿತ್ತು.

1980ರ ಫೆಬ್ರವರಿ 14ರಂದು ಲೈನಟ್, ದೂರದರ್ಶನ ಕಲಾವಿದ ಲೆಸ್ಲಿ ಕ್ರೌಥರ್ ಅವರ ಮಗಳು ಕ್ಯಾರೊಲಿನ್ ಅವರನ್ನು ವಿವಾಹವಾದರು. ಈ ದಂಪತಿಗೆ ಸಾರಾ ಮತ್ತು ಕ್ಯಾಥ್ಲೀನ್ ಎಂಬ ಇಬ್ಬರು ಹೆಣ್ಣುಮಕ್ಕಳು. ಕೆಲವು ವರ್ಷಗಳಲ್ಲಿ ಅವರು ಬೇರೆಯಾದರು.

ಕೊನೆಯ ವರ್ಷಗಳು

1970ರ ದಶಕದ ಕೊನೆಯ ಹೊತ್ತಿಗೆ ಲೈನಟ್ ಹೆರಾಯಿನ್ ವ್ಯಸನಕ್ಕೆ ಸಿಲುಕಿದ್ದರು. ಗೋರ್ಹಮ್ ಅವರದೂ ಅದೇ ಸ್ಥಿತಿ. ಆಲ್ಬಮ್‌ಗಳ ಗುಣಮಟ್ಟ ಏರುಪೇರಾಯಿತು. 1981ರ ‘ರೆನೆಗೇಡ್’ 38ನೇ ಸ್ಥಾನ ದಾಟಲಿಲ್ಲ. ಯುವ ಗಿಟಾರ್ ವಾದಕ ಜಾನ್ ಸೈಕ್ಸ್ ಸೇರಿದ ಮೇಲೆ ಬಂದ ‘ಥಂಡರ್ ಅಂಡ್ ಲೈಟ್ನಿಂಗ್’ (1983) 4ನೇ ಸ್ಥಾನಕ್ಕೇರಿದರೂ ವಿದಾಯ ಪ್ರವಾಸ ಆಗಲೇ ಘೋಷಣೆಯಾಗಿತ್ತು. 1983ರ ಸೆಪ್ಟೆಂಬರ್ 4ರಂದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ತಂಡ ಕೊನೆಯ ಕಾರ್ಯಕ್ರಮ ನೀಡಿತು. ಗೋರ್ಹಮ್ ಚಿಕಿತ್ಸೆ ಪಡೆದು ವ್ಯಸನದಿಂದ ಹೊರಬಂದರು. ಲೈನಟ್‌ಗೆ ಅದು ಸಾಧ್ಯವಾಗಲಿಲ್ಲ.

ಅನಂತರ ಕಟ್ಟಿದ ಗ್ರ್ಯಾಂಡ್ ಸ್ಲ್ಯಾಮ್ ತಂಡಕ್ಕೆ ಯಾವ ಸಂಸ್ಥೆಯ ಒಪ್ಪಂದವೂ ದೊರೆಯಲಿಲ್ಲ. 1985ರಲ್ಲಿ ಗ್ಯಾರಿ ಮೂರ್ ಜೊತೆ ಹಾಡಿದ ‘ಔಟ್ ಇನ್ ದಿ ಫೀಲ್ಡ್ಸ್’ ಬ್ರಿಟನ್ನಿನಲ್ಲಿ 5ನೇ ಸ್ಥಾನ ತಲುಪಿತು. ‘ವಿಸ್ಕಿ ಇನ್ ದಿ ಜಾರ್’ಗೂ ಮೀರಿ, ಲೈನಟ್ ಅವರ ಹೆಸರಿನಲ್ಲಿರುವ ಅತ್ಯುನ್ನತ ಸ್ಥಾನ ಇದೇ. ಉತ್ತರ ಐರ್ಲೆಂಡಿನ ಹಿಂಸಾಚಾರವನ್ನು ಕುರಿತ ಆ ಹಾಡನ್ನು ಬೆಲ್‌ಫಾಸ್ಟ್ ಮತ್ತು ಡಬ್ಲಿನ್‌ಗಳಲ್ಲಿ ಬೆಳೆದ ಇಬ್ಬರು ಒಟ್ಟಾಗಿ ಹಾಡಿದ್ದಕ್ಕೆ ಬೇರೆಯೇ ತೂಕವಿತ್ತು. ಅದೇ ವರ್ಷ ಜುಲೈ 13ರಂದು ಲಂಡನ್ ಹಾಗೂ ಫಿಲಡೆಲ್ಫಿಯಾಗಳಲ್ಲಿ ನಡೆದ ಲೈವ್ ಏಡ್ ಸಹಾಯಾರ್ಥ ಕಾರ್ಯಕ್ರಮಕ್ಕೆ ಅವರನ್ನು ಕರೆಯಲಿಲ್ಲ. ಅದರ ಸಂಘಟಕರಾದ ಬಾಬ್ ಗೆಲ್ಡಾಫ್ ಮತ್ತು ಮಿಜ್ ಯೂರ್ ಇಬ್ಬರೂ ಲೈನಟ್ ಅವರ ಹಳೆಯ ಒಡನಾಡಿಗಳು. ಈ ಸಂಗತಿ ಅವರನ್ನು ಆಳವಾಗಿ ನೋಯಿಸಿತು. ವರ್ಷಾಂತ್ಯದಲ್ಲಿ ಹೊರಬಂದ ‘ನೈನ್‌ಟೀನ್’ ಅವರ ಜೀವಿತಾವಧಿಯ ಕೊನೆಯ ಸಿಂಗಲ್.

1985ರ ಡಿಸೆಂಬರ್ 25ರಂದು ಲೈನಟ್ ತಮ್ಮ ಲಂಡನ್ ಮನೆಯಲ್ಲಿ ಕುಸಿದರು. ಮೊದಲು ವ್ಯಸನ ಚಿಕಿತ್ಸಾಲಯಕ್ಕೂ ಅಲ್ಲಿಂದ ಸಾಲ್ಸ್‌ಬರಿಯ ಆಸ್ಪತ್ರೆಗೂ ಅವರನ್ನು ಸಾಗಿಸಲಾಯಿತು. ರಕ್ತದ ನಂಜು ಹಲವು ಅಂಗಗಳಿಗೆ ಹರಡಿತ್ತು. 1986ರ ಜನವರಿ 4ರಂದು ನ್ಯುಮೋನಿಯಾ ಮತ್ತು ಹೃದಯ ವೈಫಲ್ಯದಿಂದ ಅವರು ನಿಧನರಾದರು. ಆಗ ವಯಸ್ಸು 36. ತಾಯಿ ಫಿಲೋಮಿನಾ ಕೊನೆಯ ದಿನಗಳಲ್ಲಿ ಬಳಿಯಲ್ಲಿದ್ದರು. ಡಬ್ಲಿನ್‌ನ ಸಟ್ಟನ್‌ನಲ್ಲಿರುವ ಸೇಂಟ್ ಫಿಂಟನ್ಸ್ ಸ್ಮಶಾನದಲ್ಲಿ ಅಂತ್ಯಕ್ರಿಯೆ ನಡೆಯಿತು.

ಮರಣಾನಂತರ

1987ರಿಂದ ಪ್ರತಿ ವರ್ಷ ಜನವರಿ 4ರಂದು ಡಬ್ಲಿನ್‌ನಲ್ಲಿ ಅವರ ನೆನಪಿನ ಸಂಗೀತ ಕಾರ್ಯಕ್ರಮ ನಡೆದುಬಂದಿದೆ. ಅಮೆರಿಕದ ಮೆಟಾಲಿಕಾ ತಂಡ 1998ರಲ್ಲಿ ‘ವಿಸ್ಕಿ ಇನ್ ದಿ ಜಾರ್’ ಹಾಡನ್ನು ಥಿನ್ ಲಿಜ್ಜಿಯ ಧಾಟಿಯಲ್ಲಿಯೇ ಮತ್ತೆ ಮುದ್ರಿಸಿತು. ಅದಕ್ಕೆ 2000ದಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಎರಿಕ್ ಬೆಲ್ ಕಟ್ಟಿದ ಗಿಟಾರ್ ಸ್ವರಗಳು ಹೀಗೆ ಜಗತ್ತಿನ ಹೊಸ ಪೀಳಿಗೆಗೆ ತಲುಪಿದವು. ‘ದಿ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್’ ಕ್ರೀಡಾಂಗಣ, ಚಲನಚಿತ್ರ ಮತ್ತು ಜಾಹೀರಾತುಗಳಲ್ಲಿ ಸತತವಾಗಿ ಕೇಳಿಬರುತ್ತದೆ. 2012ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಮಿಟ್ ರಾಮ್ನಿ ಅವರ ಪ್ರಚಾರಕ್ಕೆ ಅದನ್ನು ಬಳಸಿದಾಗ ಫಿಲೋಮಿನಾ ಬಹಿರಂಗವಾಗಿ ಆಕ್ಷೇಪಿಸಿದರು.

ಡಬ್ಲಿನ್‌ನ ಗ್ರಾಫ್ಟನ್ ಬೀದಿಗೆ ಹೊಂದಿಕೊಂಡ ಹ್ಯಾರಿ ಬೀದಿಯಲ್ಲಿ, ಶಿಲ್ಪಿ ಪಾಲ್ ಡೇಲಿ ರಚಿಸಿದ ಲೈನಟ್ ಅವರ ಆಳೆತ್ತರದ ಕಂಚಿನ ಪ್ರತಿಮೆ 2005ರ ಆಗಸ್ಟ್‌ನಲ್ಲಿ ಅನಾವರಣಗೊಂಡಿತು. ಬಾಸ್ ಗಿಟಾರ್ ಹೊತ್ತು ನಿಂತ ಭಂಗಿ ಅದರದು. 2013ರಲ್ಲಿ ಹಾನಿಗೊಳಗಾದ ಅದನ್ನು ದುರಸ್ತಿ ಮಾಡಿ ಅಲ್ಲಿಯೇ ನಿಲ್ಲಿಸಲಾಗಿದೆ. ಫಿಲೋಮಿನಾ 2019ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಐರ್ಲೆಂಡಿನ ಕೇಂದ್ರ ಬ್ಯಾಂಕು ಲೈನಟ್ ಅವರ ಸ್ಮರಣಾರ್ಥ 15 ಯೂರೋ ಮುಖಬೆಲೆಯ ನಾಣ್ಯವನ್ನೂ ಅಂಚೆ ಇಲಾಖೆ ಅಂಚೆಚೀಟಿಗಳನ್ನೂ ಹೊರತಂದವು. ಎಮರ್ ರೆನಾಲ್ಡ್ಸ್ ನಿರ್ದೇಶಿಸಿದ, ಅವರ ಮೊದಲ ಕವನಸಂಕಲನದ ಹೆಸರನ್ನೇ ಹೊತ್ತ ಸಾಕ್ಷ್ಯಚಿತ್ರ 2020ರಲ್ಲಿ ತೆರೆಕಂಡಿತು.